ಅರವತ್ತು ಪ್ಯಾಕೆಟ್ ಶಾಂಪೂ, ನಲವತ್ತು ಹೊರೆ ಸೊಪ್ಪು

ಕಾರ್ತೀಕ ಹುಟ್ಟಿ ನಾಲ್ಕು ದಿನವಾಗಿತ್ತು. ಬೆಳಗ್ಗೆ ಎಂಟಾದರೂ ಸಾದಲಿ ಸುತ್ತಿನ ಬಯಲಿನಿಂದ ಮಂಜು ಮೇಲೆದ್ದಿರಲಿಲ್ಲ. ಬೋಡಗುಟ್ಟಹಳ್ಳಿಯ ಹೆಂಗಸರು ತಲೆಗೆ ಟವೆಲು ಸುತ್ತಿಕೊಂಡು ಹಿಪ್ಪುನೇರಳೆ ಸಾಲುಗಳಿಗೆ ಇಳಿದು, ಕಡ್ಡಿ ಕೊಯ್ದು, ಹೊರೆ ಕಟ್ಟಿ, ರೇಷ್ಮೆ ಹುಳು ಮನೆಗಳಿಗೆ ಹೊತ್ತು ಹಾಕುತ್ತಿದ್ದರು. ಗಂಡಸರು ಅವರ ಹಿಂದೆಯೇ ನಡೆದು, ಹೊರೆ ಸರಿಯಾಗಿ ಕಟ್ಟಿಲ್ಲ ಎಂದು ಹೇಳುವ ಕೆಲಸ ಮಾಡುತ್ತಿದ್ದರು.

ವೆಂಕಟರಾಯಪ್ಪ ಮಾತ್ರ ತನ್ನ ಮುಕ್ಕಾಲು ಎಕರೆ ತೋಟದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಲೆಯನ್ನು ಮಗುಚಿ ನೋಡುತ್ತಿದ್ದ. ಮೇಲುಗಡೆ ಎಲೆ ಕಣ್ಣಿಗೆ ತಂಪಾಗುವಷ್ಟು ಹಸಿರಾಗಿತ್ತು. ಕೆಳಗಡೆ ವಿಭೂತಿ ಬಳಿದಂತೆ ಬಿಳಿ ಪುಡಿ. ಬೂದಿ ರೋಗ ಈ ತುದಿಯಿಂದ ಆ ತುದಿಯವರೆಗೂ ಹಬ್ಬಿತ್ತು.

"ನೋಡಿದ್ದೇ ಎಷ್ಟು ಸಲ ನೋಡ್ತೀರಿ? ನೀವು ಮಗುಚಿ ನೋಡಿದ್ರೆ ಅದು ನಾಚ್ಕೊಂಡು ಹೋಗಲ್ಲ," ಎಂದಳು ಹೆಂಡತಿ ಮುನಿರತ್ನಮ್ಮ. "ಅಕ್ಕ ಇವತ್ತು ಮರಿ ಹುಳ ತಂದವ್ಳೆ. ಎರಡನೇ ಜ್ವರ ಎದ್ದಿರೋವು. ಲೆಕ್ಕ ಹಾಕಿ. ನಾಳೆಯಿಂದ ಹದಿನಾಲ್ಕು ದಿನಕ್ಕೆ ನಮ್ಮ ಸೊಪ್ಪು ಅವಳ ಬಾಗಿಲಲ್ಲಿರಬೇಕು."

ಅಕ್ಕ ಎಂದರೆ ರಸ್ತೆಯಾಚೆ ಮನೆಯ ಚಿಕ್ಕವೆಂಕಟಮ್ಮ. ಒಡಹುಟ್ಟಿದವಳಲ್ಲ, ದಾಯಾದಿಯ ಮಗಳು. ಆದರೆ ಊರಿನ ಅರ್ಧ ಜನಕ್ಕೆ ಅವಳು ಅಕ್ಕ, ಉಳಿದರ್ಧಕ್ಕೆ ಅವಳೆಂದರೆ ಭಯ. ಹೋದ ಬೆಳೆಯಲ್ಲಿ ವೆಂಕಟರಾಯಪ್ಪನ ಹುಳುಗಳಿಗೆ ಕೊನೆಯ ಎರಡು ದಿನ ಸೊಪ್ಪು ಸಾಲದೆ ಬಂದಾಗ ಅವಳು ತನ್ನ ತೋಟದಿಂದ ನಲವತ್ತು ಹೊರೆ ಸೊಪ್ಪು ಕೊಟ್ಟು ಹುಳು ಉಳಿಸಿದ್ದಳು.

ಬೋಡಗುಟ್ಟಹಳ್ಳಿಯಲ್ಲಿ ಸೊಪ್ಪಿನ ಸಾಲಕ್ಕೆ ಅದರದೇ ಕಾನೂನಿದೆ. ಸೊಪ್ಪು ತೆಗೆದುಕೊಂಡವನು ಸೊಪ್ಪನ್ನೇ ಕೊಡಬೇಕು. ದುಡ್ಡು ಕೊಡುತ್ತೇನೆಂದರೆ ಕೊಟ್ಟವರ ಮುಖಕ್ಕೆ ಹೊಡೆದಂತೆ. ಶಿಡ್ಲಘಟ್ಟದ ಸೊಪ್ಪಿನ ಸಂತೆಯಲ್ಲಿ ಕೊಂಡು ತಂದದ್ದೂ ನಡೆಯದು. ಯಾರ ತೋಟದ್ದೋ, ಅದಕ್ಕೆ ಏನು ಹೊಡೆದಿದ್ದಾರೋ. ತನಗೆ ಪುರುಸೊತ್ತಾದಾಗ ಕೊಡುವ ಹಾಗೂ ಇಲ್ಲ. ಹುಳು ಸೊಪ್ಪು ಬಿಟ್ಟು ಮಲಗಿ ಚರ್ಮ ಕಳಚುವುದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆ. ಸಾಲ ಕೊಟ್ಟವರ ಹುಳು ನಾಲ್ಕನೇ ಜ್ವರದಿಂದ ಎದ್ದು, ಎಷ್ಟು ಹಾಕಿದರೂ ಸಾಲದು ಎಂದು ತಿನ್ನುವ ಆ ಏಳು ದಿನದೊಳಗೆ ಸಾಲ ತೀರಬೇಕು. ಒಮ್ಮೆ ತಪ್ಪಿದವನಿಗೆ ಊರಿನಲ್ಲಿ ಇನ್ನು ಯಾರೂ ಒಂದು ಕಡ್ಡಿ ಸೊಪ್ಪು ಕೊಡುವುದಿಲ್ಲ. ಮುಕ್ಕಾಲು ಎಕರೆಯವನಿಗೆ ಸಾಲ ಸಿಗದಿದ್ದರೆ ಹುಳು ಸಾಕುವುದನ್ನೇ ಬಿಡಬೇಕು. ಹಾಗೆ ಬಿಟ್ಟವರು ಇಬ್ಬರು ಊರಲ್ಲಿದ್ದರು. ಈಗ ಅವರು ಟೊಮೆಟೊ ಬೆಳೆಯುತ್ತಿದ್ದರು, ಮತ್ತು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಅದಕ್ಕೇ ನಾನು ಇವತ್ತು ತರಬೇತಿಗೆ ಹೊರಟಿರೋದು," ಎಂದು ವೆಂಕಟರಾಯಪ್ಪ ಎದ್ದು ಮಂಡಿ ಕೊಡವಿದ.

ಶಿಡ್ಲಘಟ್ಟದಲ್ಲಿ ರೇಷ್ಮೆ ಇಲಾಖೆಯವರು ಬೂದಿ ರೋಗದ ಮೇಲೆ ಒಂದು ದಿನದ ತರಬೇತಿ ಇಟ್ಟಿದ್ದರು. ಇಲಾಖೆಯ ಅಧಿಕಾರಿ ಶೋಭಾರಾಣಿ ಮೇಡಂ ಮೇಜಿನ ಮೇಲೆ ಎರಡು ಎಲೆ ಇಟ್ಟು, ಎರಡರ ಮೇಲೂ ಒಂದೊಂದು ಹನಿ ಬಿಟ್ಟರು. ಒಂದರ ಮೇಲೆ ಹನಿ ಮುತ್ತಿನಂತೆ ದುಂಡಗೆ ನಿಂತು, ಎಲೆ ಓರೆ ಮಾಡಿದೊಡನೆ ಉರುಳಿ ಬಿತ್ತು. ಇನ್ನೊಂದರ ಮೇಲೆ ದ್ರಾವಣ ಬೆರೆಸಿದ ಹನಿ ಹರಡಿ ಎಲೆಗೆ ಅಂಟಿಕೊಂಡಿತು.

"ನೀರಿಗೆ ಒಂದು ಬಿಗಿ ಇರುತ್ತೆ," ಎಂದರು ಮೇಡಂ. "ತನ್ನನ್ನ ತಾನೇ ಎಳ್ಕೊಂಡು ಗುಂಡಗೆ ಕೂರುತ್ತೆ. ನೀವು ಹೊಡೆದ ಮದ್ದು ಎಲೆ ಮೇಲೆ ನಿಲ್ಲದೆ ನೆಲಕ್ಕೆ ಬೀಳೋದು ಅದಕ್ಕೇ. ಈ ಹರಡೋ ದ್ರಾವಣ ಒಂದು ಚೂರು ಸೇರಿಸಿದ್ರೆ ಆ ಬಿಗಿ ಸಡಿಲ ಆಗುತ್ತೆ, ಮದ್ದು ಎಲೆ ಕೆಳಗೂ ಹರಡಿ ಹಿಡ್ಕೊಳ್ಳುತ್ತೆ. ಇದೇನೂ ಮಾಯ ಅಲ್ಲ. ಸೋಪು, ಶಾಂಪೂ ಇವೆಯಲ್ಲ, ಇದೂ ಅದೇ ಜಾತಿ. ಹಂಗಂತ..."

ಅಷ್ಟರಲ್ಲಿ ಅಡುಗೆಯವನು ಬಾಗಿಲಿಗೆ ಬಂದು ಊಟ ರೆಡಿ ಎಂದ. ವೆಂಕಟರಾಯಪ್ಪ ಕೂತಿದ್ದದ್ದು ಐದನೇ ಸಾಲಿನಲ್ಲಿ. ತಟ್ಟೆ ಹಿಡಿದು ನಿಂತವರ ಸಾಲಿನಲ್ಲಿ ಅವನು ಮೊದಲಿಗ. 'ಹಂಗಂತ' ಆದ ಮೇಲೆ ಮೇಡಂ ಇನ್ನೂ ಹತ್ತು ನಿಮಿಷ ಮಾತಾಡಿದರೆಂದು ಉಳಿದವರು ಹೇಳುತ್ತಾರೆ. ಆ ಹತ್ತು ನಿಮಿಷದಲ್ಲಿ ಅವನು ಎರಡು ಸಲ ಬಿಸಿಬೇಳೆಬಾತು ಹಾಕಿಸಿಕೊಂಡ. ನಾಡಿನ ಕೃಷಿ ವಿಜ್ಞಾನಕ್ಕೆ ಆದ ನಷ್ಟ ಅಂಥದ್ದೇನೂ ದೊಡ್ಡದಲ್ಲ. ಬೋಡಗುಟ್ಟಹಳ್ಳಿಗೆ ಮಾತ್ರ ದೊಡ್ಡದಾಯಿತು.

ಸಂಜೆ ಪ್ರಮಾಣಪತ್ರವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಲಾಲ್ ಬಾಷಾ ಅವರ ಔಷಧಿ ಅಂಗಡಿಗೆ ಹೋದ. ಮೂವತ್ತು ವರ್ಷದಿಂದ ರೈತರಿಗೆ ಮದ್ದು ಮಾರಿದ ಲಾಲ್ ಬಾಷಾ ಬೂದಿ ರೋಗದ ಪುಡಿ ಪೊಟ್ಟಣ ಕಟ್ಟಿ, ಪಕ್ಕದಲ್ಲಿ ಹರಡುವ ದ್ರಾವಣದ ಒಂದು ಪುಟ್ಟ ಬಾಟಲಿ ಇಟ್ಟರು.

"ಇದರ ಜೊತೆ ಗಮ್ ತಗೊಳ್ಳಿ ಯಜಮಾನ್ರೇ. ಇನ್ನೂರು ಲೀಟರ್ ಡ್ರಮ್ಮಿಗೆ ನೂರು ಎಂಎಲ್. ವಾಸನೆ ಇಲ್ಲ, ನೊರೆ ಇಲ್ಲ."

ವೆಂಕಟರಾಯಪ್ಪ ಬಾಟಲಿಯನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ. "ಅದರ ಒಳಗಿನ ವಿಷ್ಯ ಎಲ್ಲ ಇವತ್ತು ತಿಳ್ಕೊಂಡು ಬಂದಿದೀನಿ ಬಾಷಾ. ಅದು ಶಾಂಪೂ ಜಾತಿ."

"ಇರಬಹುದು. ನಾನೂ ನನ್ನ ತಮ್ಮನೂ ಒಂದೇ ತಾಯಿ ಮಕ್ಕಳು. ಅವನು ದರ್ಜಿ. ಅವನ ಹತ್ರ ಹೋಗಿ ಬೂದಿ ರೋಗಕ್ಕೆ ಮದ್ದು ಕೇಳ್ತೀರಾ?"

"ನೀವು ವ್ಯಾಪಾರಸ್ಥರು, ಹಂಗೇ ಹೇಳ್ತೀರಿ."

"ಸರಿ, ನಿಮ್ಮಿಷ್ಟ," ಎಂದು ಲಾಲ್ ಬಾಷಾ ಬಾಟಲಿಯನ್ನು ಕೌಂಟರಿನಲ್ಲೇ ಬಿಟ್ಟರು, ಒಳಗಿಡಲಿಲ್ಲ. "ಎಂಟು ದಿನದಲ್ಲಿ ಬರ್ತೀರಿ. ಇಲ್ಲೇ ಇರುತ್ತೆ."

ಬೋಡಗುಟ್ಟಹಳ್ಳಿಯ ಬಸ್ಸು ನಿಲ್ಲುವ ಜಾಗದಲ್ಲಿ ಗಂಗುಲಪ್ಪನ ಅಂಗಡಿ. ಟೀ, ಬೀಡಿ, ಸೋಪು, ಸುದ್ದಿ, ಎಲ್ಲವೂ ಅಲ್ಲೇ. ಮೊದಲ ಮೂರಕ್ಕೆ ಅವನು ದುಡ್ಡು ತೆಗೆದುಕೊಳ್ಳುತ್ತಿದ್ದ.

"ಗಂಗುಲಪ್ಪ, ಶಾಂಪೂ ಕೊಡು."

"ಎಷ್ಟು?"

ವೆಂಕಟರಾಯಪ್ಪ ಬಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದ. ಮುನಿರತ್ನಮ್ಮನಿಗೆ ಸೊಂಟದವರೆಗೆ ಕೂದಲು. ಅವಳ ಒಂದು ಸ್ನಾನಕ್ಕೆ ಒಂದು ಪ್ಯಾಕೆಟ್. ಒಂದು ಹಿಪ್ಪುನೇರಳೆ ಗಿಡದ ಎಲೆಗಳನ್ನೆಲ್ಲ ಹರಡಿದರೆ ಅವಳ ತಲೆಗಿಂತ ಕಡಿಮೆಯೇನೂ ಆಗದು. ಆದ್ದರಿಂದ ಗಿಡಕ್ಕೊಂದು. ತೋಟದಲ್ಲಿ ನಾಲ್ಕು ಸಾವಿರ ಗಿಡ.

"ಎಷ್ಟಿದೆ?"

"ಮಲ್ಲಿಗೆ ವಾಸನೇದು ಐದು ಸರ. ಸರಕ್ಕೆ ಹನ್ನೆರಡು. ಅರವತ್ತು."

"ಎಲ್ಲಾ ಕೊಡು. ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೋತೀನಿ."

ಅಂಗಡಿಯಲ್ಲಿ ಇದ್ದದ್ದು ಅರವತ್ತೇ ಆದ್ದರಿಂದ ಊರು ಉಳಿಯಿತು.

ಗಂಗುಲಪ್ಪ ಐದು ಸರಗಳನ್ನು ಬಿಚ್ಚಿ ಕೊಡುತ್ತ ಅವನ ತಲೆಯನ್ನೇ ನೋಡಿದ. ಅಲ್ಲಿ ಕಿವಿಯ ಮೇಲೆ ಆಚೀಚೆ ನಾಲ್ಕು ಬೆರಳಷ್ಟು ಕೂದಲು ಬಿಟ್ಟರೆ ಬೇರೇನೂ ಇರಲಿಲ್ಲ. "ಯಾರಿಗಪ್ಪ ಇಷ್ಟು?"

"ತೋಟಕ್ಕೆ."

ಗಂಗುಲಪ್ಪ ಮುಂದೇನೂ ಕೇಳಲಿಲ್ಲ. ಇಂಥ ಉತ್ತರ ಬಂದಾಗ ಕೇಳಬಾರದು, ಹೇಳಬೇಕು. ಅದು ಅವನ ಕಸುಬಿನ ನೀತಿ. ದೀಪ ಹಚ್ಚುವ ಹೊತ್ತಿಗೆ ವೆಂಕಟರಾಯಪ್ಪ ಗಿಡಗಳಿಗೆ ತಲೆ ಸ್ನಾನ ಮಾಡಿಸುತ್ತಾನಂತೆ ಎಂಬ ಸಮಾಚಾರ ಸಾದಲಿ ಮುಟ್ಟಿತ್ತು.

ಮರುದಿನ ಮಂಗಳವಾರ ಬೆಳಗ್ಗೆ ಡ್ರಮ್ಮು ತುಂಬಿತು, ಪುಡಿ ಬಿತ್ತು, ಅರವತ್ತು ಪ್ಯಾಕೆಟ್ಟಿನ ಮೂತಿ ಹರಿದು ಹಿಂಡಲಾಯಿತು. ವೆಂಕಟರಾಯಪ್ಪ ಮೋಟಾರು ಶುರು ಮಾಡಿದ. ಮೋಟಾರಿನ ಪೈಪು ಡ್ರಮ್ಮಿನ ನೀರನ್ನು ಎಳೆದು, ಮಿಕ್ಕಿದ್ದನ್ನು ಮತ್ತೆ ಡ್ರಮ್ಮಿಗೇ ರಭಸದಿಂದ ಬಿಡುವ ಕ್ರಮ. ಮೊದಲ ನಿಮಿಷ ಡ್ರಮ್ಮಿನ ಬಾಯಲ್ಲಿ ಹಾಲುಕ್ಕಿದಂತೆ ಸ್ವಲ್ಪ ನೊರೆ ಕಂಡಿತು. ಎರಡನೇ ನಿಮಿಷಕ್ಕೆ ಅದು ಡ್ರಮ್ಮಿನ ಎತ್ತರಕ್ಕೆ ಇನ್ನೊಂದು ಡ್ರಮ್ಮಿನಂತೆ ನಿಂತಿತು. ಮೂರನೇ ನಿಮಿಷಕ್ಕೆ ಬಾಗಿ, ನೆಲಕ್ಕೆ ಇಳಿದು, ಕಾಲುವೆಯ ಗುಂಟ ರಸ್ತೆಯ ಕಡೆಗೆ ನಡೆಯತೊಡಗಿತು.

"ಏನ್ರೀ, ಆಫ್ ಮಾಡ್ರೀ," ಎಂದಳು ಮುನಿರತ್ನಮ್ಮ, ಮೊಣಕಾಲವರೆಗೆ ನೊರೆಯಲ್ಲಿ ನಿಂತು.

"ಬಿಗಿ ಸಡಿಲ ಆಗ್ತಾ ಐತೆ," ಎಂದು ವೆಂಕಟರಾಯಪ್ಪ ಗಂಭೀರವಾಗಿ ಹೇಳಿ ಪೈಪು ಹಿಡಿದು ಸಾಲಿಗೆ ಇಳಿದ. ಎಲೆಯ ಕೆಳಗೂ ಮೇಲೂ, ಬಿಡದೆ, ಕೊನೆಯ ಸಾಲಿನವರೆಗೂ ಹೊಡೆದ. ಕೆಲಸದಲ್ಲಿ ಅವನನ್ನು ಸೋಮಾರಿ ಎನ್ನುವಂತಿಲ್ಲ. ಅವನಿಗೆ ಎಲ್ಲ ಕೆಟ್ಟದ್ದೂ ಆದದ್ದು ಶ್ರದ್ಧೆಯಿಂದಲೇ.

ಒಂಬತ್ತರ ಬಸ್ಸು ಬಂದು ತಾನಾಗಿಯೇ ನಿಂತಿತು. ರಸ್ತೆಯ ಮೇಲೆ ನೊರೆಯ ಗುಡ್ಡೆ ಕೂತಿತ್ತು. ಗಾಳಿಗೆ ಅದರ ತುಣುಕುಗಳು ಎದ್ದು ಬಸ್ಸಿನ ಕಿಟಕಿಗಳಿಗೆ ಅಂಟಿಕೊಂಡವು. ತೆಲುಗು ಗಡಿ ಕಡೆಯಿಂದ ಬಂದಿದ್ದ ಕಂಡಕ್ಟರು ಇಳಿದು ಬೆರಳಲ್ಲಿ ಮುಟ್ಟಿ ಮೂಸಿದ.

"ಏಮಿ ಸ್ವಾಮಿ ಇದಿ?"

"ಬೂದಿ ರೋಗಕ್ಕೆ ಮದ್ದು," ಎಂದು ವೆಂಕಟರಾಯಪ್ಪ ತೋಟದೊಳಗಿಂದ ಕೂಗಿ ಹೇಳಿದ.

"ನಮ್ಮ ಕಡೆ ಇದನ್ನ ಮದುವೆ ಹೆಣ್ಣಿಗೆ ಹಾಕ್ತಾರೆ," ಎಂದು ಕಂಡಕ್ಟರು ಬಸ್ಸು ಹತ್ತಿ ಸೀಟಿ ಊದಿದ.

ಮಲ್ಲಿಗೆಯ ವಾಸನೆ ಅಷ್ಟಕ್ಕೇ ನಿಲ್ಲಲಿಲ್ಲ. ರಸ್ತೆ ದಾಟಿ ಚಿಕ್ಕವೆಂಕಟಮ್ಮನ ಹುಳು ಮನೆಯ ಕಿಟಕಿಗೆ ಹೋಯಿತು.

ವಾಸನೆಯ ವಿಚಾರದಲ್ಲಿ ಚಿಕ್ಕವೆಂಕಟಮ್ಮನ ಕಾನೂನು ಸೊಪ್ಪಿನ ಸಾಲದ ಕಾನೂನಿಗಿಂತ ಕಟ್ಟುನಿಟ್ಟು. ಹುಳುಗಳಿಗೆ ಘಾಟು ಆಗದು. ಅವಳ ಹುಳು ಮನೆಯ ಸುತ್ತ ಊದುಬತ್ತಿ ಇಲ್ಲ, ಪೌಡರ್ ಇಲ್ಲ, ಒಗ್ಗರಣೆಯನ್ನೂ ಹಿತ್ತಿಲಲ್ಲೇ ಹಾಕುತ್ತಿದ್ದಳು. ಹೋದ ವರ್ಷದ ದೀಪಾವಳಿಗೆ ಬಂದ ಅಳಿಯ ಸೆಂಟು ಪೂಸಿಕೊಂಡಿದ್ದನೆಂದು ಅವನ ಊಟದ ಎಲೆಯನ್ನು ಗಂಗುಲಪ್ಪನ ಅಂಗಡಿ ಬೆಂಚಿನ ಮೇಲೆ ಹಾಕಿ ಹೋಳಿಗೆ ಬಡಿಸಿದ್ದಳು. ಅಳಿಯ ಹೋಳಿಗೆ ತಿನ್ನುವಾಗ ಎರಡು ಬಸ್ಸು ಬಂದು ಹೋಗಿದ್ದವು.

ಅವಳು ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿ, ಸೆರಗನ್ನು ಮೂಗಿಗೆ ಹಿಡಿದು ಬಂದು ತೋಟದ ಬದುವಿನ ಮೇಲೆ ನಿಂತಳು. ಒಂದು ಎಲೆ ಕಿತ್ತು ಮೂಸಿದಳು.

"ವೆಂಕ್ಟ್ರಾಯ, ಇದು ಸೊಪ್ಪೋ, ಮುಡ್ಕೊಳ್ಳೋ ಹೂವೋ?"

"ಅಕ್ಕ, ಇದು ವೈಜ್ಞಾನಿಕ. ನೀರಿಗೆ ಒಂದು ಬಿಗಿ ಇರುತ್ತೆ..."

"ನೀರಿನ ಬಿಗಿ ನನಗ್ಯಾಕೆ. ನಿನಗೆ ಕೊಟ್ಟಾಗ ನನ್ನ ಸೊಪ್ಪಲ್ಲಿ ಏನು ವಾಸನೆ ಇತ್ತು?"

"ಸೊಪ್ಪಿನ ವಾಸನೆ."

"ಅದನ್ನೇ ವಾಪಸ್ ಕೊಡು. ನಲವತ್ತು ಹೊರೆ. ಹದಿನಾಲ್ಕು ದಿನದ ಮಾತು ಹಂಗೇ ಐತೆ. ಒಂದೇ ಒಂದು ಎಲೆ ಹಿಂಗೆ ನಾರಿದ್ರೂ ಹೊರೆ ಬಾಗಿಲಲ್ಲೇ ವಾಪಸ್. ಆಮೇಲೆ ಈ ಊರಲ್ಲಿ ಸೊಪ್ಪಿಗೆ ಅಂತ ಯಾರ ಮನೆ ಮುಂದೆ ನಿಲ್ತೀಯೋ ನಿಲ್ಲು." ಅವಳು ಎಲೆಯನ್ನು ಅವನ ಜೇಬಿಗೇ ಹಾಕಿ ಹೋದಳು.

ವೆಂಕಟರಾಯಪ್ಪ ಮೂರು ದಿನ ಕಾದ. ವಾಸನೆ ಇಳಿಯುವ ಬದಲು ಬಿಸಿಲಿಗೆ ಹಣ್ಣಾದಂತೆ ತೋರಿತು. ನಾಲ್ಕನೇ ದಿನ ಗಂಗುಲಪ್ಪನ ಅಂಗಡಿಯಲ್ಲಿ ಸಭೆ ಸೇರಿತು.

"ಶಾಂಪೂ ಹಾಕಿದ ಮೇಲೆ ಏನು ಮಾಡ್ತಾರೆ?" ಎಂದ ಗಂಗುಲಪ್ಪ. "ತೊಳೀತಾರೆ. ನೀನು ತೊಳೆದ್ಯಾ?"

ವೆಂಕಟರಾಯಪ್ಪ ಬೋರ್‌ವೆಲ್ ನೀರನ್ನೇ ನೇರವಾಗಿ ಪೈಪಿಗೆ ಕೊಟ್ಟು ತೋಟ ತೊಳೆಯಲು ನಿಂತ. ಎಲೆಯ ಮೇಲೆ ಒಣಗಿ ಕೂತಿದ್ದ ಶಾಂಪೂಗೆ ನೀರು ತಾಕಿದ್ದೇ ತಡ, ಮೊದಲ ದಿನ ನಾಚಿ ಒಳಗೇ ಉಳಿದಿದ್ದ ನೊರೆಯೆಲ್ಲ ಎದ್ದಿತು. ಪ್ರತಿ ಗಿಡವೂ ಒಂದೊಂದು ಬಿಳಿ ಪೇಟ ಸುತ್ತಿಕೊಂಡು ನಿಂತಿತು. ಬಿಟ್ಟರೆ ಹೋದೀತೆಂದು ಇನ್ನಷ್ಟು ನೀರು ಬಿಟ್ಟ. ಪೇಟದ ಮೇಲೊಂದು ಪೇಟ ಬಂತು.

"ಪಂಚಾಯ್ತಿ ಮೀಟಿಂಗ್ ಕೂತಂಗೈತೆ," ಎಂದ ಬದುವಿನ ಮೇಲಿದ್ದ ಗಂಗುಲಪ್ಪ. ಅಂಗಡಿಯ ಬಾಗಿಲು ಹಾಕಿಕೊಂಡು ನೋಡಲು ಬಂದಿದ್ದ.

"ಇನ್ನು ಹೋಗುತ್ತೆ."

"ಯಾರು, ನೊರೆಯೋ ನೀನೋ?"

ಆರನೇ ದಿನ ಎರಡನೇ ಸಲ ತೊಳೆದ. ಏಳನೇ ದಿನಕ್ಕೆ ನೊರೆ ನಿಂತಿತು. ಆದರೆ ಹೊಸ ತೊಂದರೆ ಹುಟ್ಟಿತು. ವೆಂಕಟರಾಯಪ್ಪನ ಮೂಗಿನಲ್ಲಿ ಮಲ್ಲಿಗೆ ಮನೆ ಮಾಡಿಕೊಂಡಿತ್ತು. ಎಲೆ ಮೂಸಿದರೆ ಮಲ್ಲಿಗೆ, ಮುದ್ದೆ ಮೂಸಿದರೆ ಮಲ್ಲಿಗೆ, ಕೊಟ್ಟಿಗೆಗೆ ಹೋದರೂ ಮಲ್ಲಿಗೆ. ಮುನಿರತ್ನಮ್ಮನ ಮೂಗನ್ನು ಕೇಳಿದರೆ, "ನನಗೆ ನಿಮ್ಮ ವಾಸನೆ ಬಿಟ್ಟು ಬೇರೆ ಗೊತ್ತಾಗ್ತಿಲ್ಲ," ಎಂದಳು. ಊರಿನ ಮೂಗುಗಳು ಪಕ್ಷಪಾತಿಗಳು. ಬೇಕಾದದ್ದು ಹೊರಗಿನ, ನಿಷ್ಪಕ್ಷಪಾತವಾದ, ಆದಷ್ಟು ಹೆಚ್ಚು ಮೂಗು.

ಎಂಟನೇ ದಿನ ಒಂಬತ್ತರ ಬಸ್ಸು ನಿಂತಾಗ ವೆಂಕಟರಾಯಪ್ಪ ಒಂದು ತೋಳು ಸೊಪ್ಪು ಅಪ್ಪಿಕೊಂಡು ಹತ್ತಿದ.

"ಎಲ್ಲಿಗೆ?" ಎಂದ ಕಂಡಕ್ಟರು.

"ಎಲ್ಲಿಗೂ ಇಲ್ಲ. ಇದನ್ನ ಒಂದು ಸಲ ಮೂಸಿ ಹೇಳಿ."

"ನನ್ನ ಮೂಗಿಗೆ ಇಪ್ಪತ್ತು ವರ್ಷದಿಂದ ಡೀಸೆಲ್ ಬಿಟ್ಟು ಇನ್ನೊಂದು ತಿಳೀದು. ಹಿಂದಕ್ಕೆ ಹೋಗಿ ಕೇಳಿ."

ವೆಂಕಟರಾಯಪ್ಪ ಸೀಟಿನಿಂದ ಸೀಟಿಗೆ ಹೋಗಿ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಂಚಿದ. ಏನೋ ಪ್ರಸಾದವಿರಬೇಕೆಂದು ಇಬ್ಬರು ಕಣ್ಣಿಗೊತ್ತಿಕೊಂಡರು. ಮುರುಗಮಲ್ಲ ದರ್ಗಾಕ್ಕೆ ಹೊರಟಿದ್ದ ಬಾನು ಎಂಬ ಮುದುಕಿ ಕಣ್ಣು ಮುಚ್ಚಿ ನಿಧಾನವಾಗಿ ಮೂಸಿ, "ಮಲ್ಲಿಗೆ ಐತೆ ಬೇಟಾ, ಬಹಳ ದೂರದಲ್ಲೈತೆ," ಎಂದಳು. ಪಕ್ಕದವನು ಏನೂ ಇಲ್ಲ ಎಂದ. ಅವನಿಗೆ ನೆಗಡಿಯೆಂದು ಅವನ ಹೆಂಡತಿ ತಿದ್ದಿದಳು. ಹಿಂದಿನ ಸೀಟಿನಲ್ಲಿ ಒಣಮೀನಿನ ಚೀಲ ಇಟ್ಟುಕೊಂಡಿದ್ದವನು ಮೀನಿನ ವಾಸನೆ ಎಂದ. ಬಸ್ಸಿನ ಎಡಭಾಗ ಇದೆ ಎಂದೂ ಬಲಭಾಗ ಇಲ್ಲ ಎಂದೂ ಮಾತಿಗೆ ಬಿದ್ದವು. ಮುಂದಿನ ನಿಲ್ದಾಣಕ್ಕೆ ಮಾತು ಜೋರಾಗಿ, ಅದಕ್ಕೆ ಮುಂದಿನದರಲ್ಲಿ ಡ್ರೈವರು ಬಸ್ಸು ನಿಲ್ಲಿಸಿ ವೆಂಕಟರಾಯಪ್ಪನನ್ನು ಇಳಿಸಿದ. ಅವನು ಆರು ಕಿಲೋಮೀಟರು ನಡೆದು ಊರಿಗೆ ಬಂದ. ದಾರಿಯುದ್ದಕ್ಕೂ ಮಲ್ಲಿಗೆ.

ಈ ಬಸ್ಸಿನ ಸುದ್ದಿಯೇ ಶೋಭಾರಾಣಿ ಮೇಡಂ ಅವರನ್ನು ಮುಟ್ಟಿದ್ದು. ಹತ್ತನೇ ದಿನ ಇಲಾಖೆಯ ಜೀಪು ಬಂದು ತೋಟದ ಮುಂದೆ ನಿಂತಿತು. ಮೇಡಂ ಇಳಿದವರು ಮಾತಾಡದೆ ನಾಲ್ಕು ಸಾಲು ನಡೆದು, ಎಲೆ ಮಗುಚಿ, ಕಿಸೆಯ ಭೂತಗನ್ನಡಿ ತೆಗೆದು ನೋಡಿದರು. ಗಂಗುಲಪ್ಪನೂ ಇನ್ನು ಹತ್ತು ಜನರೂ ಹಿಂದೆ ನಿಂತಿದ್ದರು. ರಸ್ತೆಯಾಚೆ ಬಾಗಿಲಲ್ಲಿ ಚಿಕ್ಕವೆಂಕಟಮ್ಮ.

"ನಾನು ಶಾಂಪೂ ಹಾಕಿ ಅಂತ ಹೇಳಿದ್ನಾ?"

"ಅದೇ ಜಾತಿ ಅಂದ್ರಿ ಮೇಡಂ."

"ಹಂಗಂತ ಶಾಂಪೂ ಹಾಕ್ಬೇಡಿ, ಹೆಚ್ಚಾದ್ರೆ ಎಲೆ ಸುಡುತ್ತೆ, ನೊರೆ ಬರುತ್ತೆ, ವಾಸನೆ ಹಿಡಿಯುತ್ತೆ, ಹುಳಕ್ಕೆ ಆಗಲ್ಲ, ಅಳತೆ ನೋಡಿ ಲೀಟರಿಗೆ ಅರ್ಧ ಎಂಎಲ್ ಮಾತ್ರ ಅಂತ ಹತ್ತು ನಿಮಿಷ ಹೇಳಿದೆ. ನೀವು ಎಲ್ಲಿದ್ರಿ?"

ವೆಂಕಟರಾಯಪ್ಪ ಒಂದು ಎಲೆ ಕಿತ್ತು ಮುಂದೆ ಹಿಡಿದ. "ಮೇಡಂ, ರೋಗ?"

ಮೇಡಂ ಇನ್ನೊಂದು ಎಲೆ ಮಗುಚಿದರು. ಚಿಗುರೆಲೆಗಳ ಅಂಚು ಅಲ್ಲಲ್ಲಿ ಕಂದಿ ಸುಟ್ಟಿತ್ತು. ಆದರೆ ಕೆಳಗಿನ ಬಿಳಿ ಪುಡಿ ಎಲ್ಲೂ ಇರಲಿಲ್ಲ. ಅವರು ಮತ್ತೆ ಎರಡು ಸಾಲು ನೋಡಿ ಬಂದರು. ಮುಖದಲ್ಲಿ ಸಿಟ್ಟು ಉಳಿಸಿಕೊಳ್ಳಲು ಸ್ವಲ್ಪ ಕಷ್ಟಪಡುತ್ತಿದ್ದಂತಿತ್ತು.

"ರೋಗ ಹೋಗಿದೆ. ಮದ್ದಿಂದ ಹೋಯ್ತೋ, ನಿಮ್ಮ ಕಾಟ ತಡೀಲಾರದೆ ಹೋಯ್ತೋ, ಬರ್ಕೊಳ್ಳೋಕೆ ನನ್ನ ಫಾರಮ್ಮಲ್ಲಿ ಜಾಗ ಇಲ್ಲ." ಅವರು ಚಿಕ್ಕವೆಂಕಟಮ್ಮನ ಕಡೆ ತಿರುಗಿದರು. "ಮದ್ದು ಹೊಡೆದು ಹನ್ನೆರಡು ದಿನ ಕಳೀಲಿ. ಸುಟ್ಟ ಎಲೆ ಆರಿಸಿ ಬಿಸಾಕ್ಲಿ. ಆಮೇಲೂ ಒಂದೇ ಸಲ ಎಲ್ಲಕ್ಕೂ ಹಾಕ್ಬೇಡಿ. ಹತ್ತು ಹುಳ ಬೇರೆ ತಟ್ಟೇಲಿಟ್ಟು ಈ ಸೊಪ್ಪು ಕೊಟ್ಟು ಒಂದು ದಿನ ನೋಡಿ. ನಾನೂ ಬರ್ತೀನಿ."

"ಹುಳ ಯಾರವು?" ಎಂದಳು ಚಿಕ್ಕವೆಂಕಟಮ್ಮ.

ಆಗ ಊರಿನಲ್ಲಿ ನಾಲ್ಕನೇ ಜ್ವರ ಏಳುವ ಹುಳುಗಳಿದ್ದದ್ದು ಅವಳ ಮನೆಯಲ್ಲಿ ಮಾತ್ರ.

"ಹಂಗಾದ್ರೆ ಸಾಯೋದೂ ನನ್ನವೇ," ಎಂದು ಅವಳು ಒಳಗೆ ಹೋದಳು. ಬರಬೇಡಿ ಎಂದು ಮಾತ್ರ ಹೇಳಲಿಲ್ಲ.

ಭಾನುವಾರ ಹನ್ನೆರಡನೇ ದಿನ. ಅವಳ ಹುಳುಗಳು ಹಿಂದಿನ ದಿನವಷ್ಟೇ ಜ್ವರ ಎದ್ದಿದ್ದವು. ಹುಳು ಮನೆಯ ಜಗಲಿಯಲ್ಲಿ ಪರೀಕ್ಷೆ. ಬರುವವರೆಲ್ಲ ಸೋಪು ಹಚ್ಚದೆ ಬರೀ ನೀರಿನಲ್ಲಿ ಸ್ನಾನ ಮಾಡಿ ಬರಬೇಕೆಂದು ಹಿಂದಿನ ದಿನವೇ ಅಪ್ಪಣೆಯಾಗಿತ್ತು. ಚಿಕ್ಕವೆಂಕಟಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮೂಸಿ ಒಳಗೆ ಬಿಟ್ಟಳು. ತಲೆಗೆ ಎಣ್ಣೆ ಹಚ್ಚಿದ್ದ ಇಬ್ಬರು ವಾಪಸಾದರು. ಗಂಗುಲಪ್ಪನನ್ನು ಬೀಡಿ ವಾಸನೆಗೆ ತಡೆದಳು; ಅವನು ಹೋಗಿ ಹತ್ತಿದ ಹುಣಸೆ ಮರ ಜಗಲಿಗೆ ನೇರವಾಗಿತ್ತು. ಕೊನೆಗೆ ಶೋಭಾರಾಣಿ ಮೇಡಂ ಬಂದರು.

"ಮೇಡಮ್ಮೋರೆ, ಏನೋ ಹಚ್ಕೊಂಡಿದೀರಿ."

"ಕೈಗೆ ಕ್ರೀಮ್ ಅಷ್ಟೇ. ಚಳಿಗೆ ಒಡೆಯುತ್ತೆ."

"ಬೇಜಾರು ಮಾಡ್ಕೋಬೇಡಿ. ಆ ಗೇಟು ಹತ್ರ ಕುರ್ಚಿ ಹಾಕಿಸ್ತೀನಿ."

ಇಲಾಖೆಯ ಅಧಿಕಾರಿ ಗೇಟಿನಾಚೆ ಕುರ್ಚಿಯ ಮೇಲೆ ಕೂತು, ತಾವೇ ಹೇಳಿದ ಪರೀಕ್ಷೆಯನ್ನು ಮರದ ಮೇಲಿನ ಗಂಗುಲಪ್ಪನ ಬಾಯಿಂದ ಕೇಳಿ ತಿಳಿಯಬೇಕಾಯಿತು.

ತಟ್ಟೆಯಲ್ಲಿ ಹತ್ತು ಹುಳು. ಒಂದು ಬದಿಗೆ ಚಿಕ್ಕವೆಂಕಟಮ್ಮನ ಎಲೆ, ಇನ್ನೊಂದು ಬದಿಗೆ ವೆಂಕಟರಾಯಪ್ಪನದು. ವೆಂಕಟರಾಯಪ್ಪ ತಟ್ಟೆಯ ಮುಂದೆ ಮಂಡಿಯೂರಿ ಕೂತ. ಮದುವೆಯ ದಿನವೂ ಅವನು ಅಷ್ಟು ನೆಟ್ಟಗೆ ಕೂತಿರಲಿಲ್ಲ. ಸೊಪ್ಪಿನ ಸಾಲ ತಪ್ಪಿ ಟೊಮೆಟೊ ಬೆಳೆಯಲು ಹೋದವರಲ್ಲಿ ಒಬ್ಬ ಹಿಂದಿನ ಸಾಲಿನಲ್ಲಿ ಬಂದು ನಿಂತದ್ದನ್ನು ಅವನು ನೋಡಿದ್ದ.

ಹುಳುಗಳು ತಲೆ ಎತ್ತಿದವು. ಎತ್ತಿ ಹಾಗೆಯೇ ನಿಂತವು.

"ಏನಾಯ್ತು?" ಎಂದರು ಮೇಡಂ ಗೇಟಿನಿಂದ.

"ಯೋಚ್ನೆ ಮಾಡ್ತಾ ಅವೆ," ಎಂದ ಗಂಗುಲಪ್ಪ ಮರದಿಂದ.

ಒಂದು ಹುಳು ಚಿಕ್ಕವೆಂಕಟಮ್ಮನ ಎಲೆಯ ಕಡೆ ಹೊರಟಿತು. ಅದರ ಹಿಂದೆ ಇನ್ನೊಂದು. ವೆಂಕಟರಾಯಪ್ಪ ಕಣ್ಣು ಮುಚ್ಚಿದ. ಮೂರನೆಯದು ಅವನ ಎಲೆಯ ಅಂಚಿಗೆ ಬಂದು, ಬಾಯಿ ಹಚ್ಚಿ, ಅರ್ಧ ಚಂದ್ರದಷ್ಟು ಕತ್ತರಿಸಿತು. ಸ್ವಲ್ಪ ತಡೆಯಿತು. ಮತ್ತೆ ಕತ್ತರಿಸಿತು. ನಾಲ್ಕು, ಐದು, ಆರು ಅದೇ ಎಲೆಗೆ ಬಂದವು. ಜಗಲಿಯ ತುಂಬ ಹತ್ತು ಹುಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದಂತೆ ಕೇಳಿಸಿತು.

"ತಿಂತಾ ಅವೆ ಮೇಡಂ. ಸದ್ಯಕ್ಕೆ ನಮ್ಮ ವೆಂಕಟರಾಯಪ್ಪಂದೇ ಲೀಡು."

"ಹಸಿದಿರೋವು ಏನಾದ್ರೂ ತಿಂತವೆ," ಎಂದಳು ಚಿಕ್ಕವೆಂಕಟಮ್ಮ. "ನಾಳೆ ಬದುಕಿರ್ಲಿ, ಆಮೇಲೆ ಮಾತು."

ಮರುದಿನವೂ ಅವು ಬದುಕಿದ್ದವು. ದಪ್ಪಗೂ ಆಗಿದ್ದವು. ಚಿಕ್ಕವೆಂಕಟಮ್ಮ ಹತ್ತನ್ನೂ ಎರಡು ಸಲ ಎಣಿಸಿ, ಅಂಗೈ ಮೇಲೆ ಬಿಟ್ಟುಕೊಂಡು ನೋಡಿ, ರಸ್ತೆಯಾಚೆಗೆ ಕೂಗಿದಳು. "ವೆಂಕ್ಟ್ರಾಯ, ನಾಳೆ ಹೊರೆ ತಾ."

ಮಂಗಳವಾರ ಬೆಳಕು ಹರಿಯುವ ಮೊದಲೇ ಗಂಡ ಹೆಂಡತಿ ತೋಟಕ್ಕೆ ಇಳಿದರು. ಹೊರೆಯ ಅಳತೆಗೆ ಸಾಲ ಕೊಟ್ಟವರ ಹಗ್ಗವೇ ಆಗಬೇಕು. ಚಿಕ್ಕವೆಂಕಟಮ್ಮನ ಹಗ್ಗ ಹೋದ ಬೆಳೆಯಿಂದ ಸ್ವಲ್ಪ ಉದ್ದವಾದಂತೆ ವೆಂಕಟರಾಯಪ್ಪನಿಗೆ ಅನ್ನಿಸಿತು, ಹೇಳಲಿಲ್ಲ. ಸುಟ್ಟ ಎಲೆ ಆರಿಸಿ ತೆಗೆದು, ಒಂದೊಂದೇ ಹೊರೆ ತಲೆ ಮೇಲೆ ಹೊತ್ತು ರಸ್ತೆ ದಾಟಿಸಿದರು. ಚಿಕ್ಕವೆಂಕಟಮ್ಮ ಬಾಗಿಲಲ್ಲಿ ಕೂತು ಪ್ರತಿ ಹೊರೆಯ ನಡುವಿನಿಂದ ಒಂದು ಎಲೆ ಎಳೆದು ಮೂಸಿ, ಸುಣ್ಣದ ಕಡ್ಡಿಯಲ್ಲಿ ಗೋಡೆಗೆ ಗೀಟು ಹಾಕಿದಳು. ಹನ್ನೊಂದು ಗಂಟೆಗೆ ಮೂವತ್ತೊಂಬತ್ತು ಗೀಟಾಯಿತು.

ನಲವತ್ತನೆಯ ಹೊರೆಯನ್ನು ವೆಂಕಟರಾಯಪ್ಪ ತಾನೇ ಹೊತ್ತು ತಂದ. ಅಂಗಡಿಯಲ್ಲಿದ್ದವರು ನೋಡಲೆಂದು ಸ್ವಲ್ಪ ಸುತ್ತು ಹಾಕಿಕೊಂಡೇ ಬಂದ.

ಚಿಕ್ಕವೆಂಕಟಮ್ಮ ಗೀಟು ಹಾಕಲಿಲ್ಲ. ಕಡ್ಡಿ ಕೆಳಗಿಟ್ಟಳು.

"ಇದನ್ನ ವಾಪಸ್ ತಗೊಂಡು ಹೋಗು."

"ಯಾಕಕ್ಕ? ನಾರ್ತೈತಾ?"

"ಏನೂ ಇಲ್ಲ. ಸೊಪ್ಪು ಚೆನ್ನಾಗೈತೆ."

"ಮತ್ತೆ?"

ಅವಳು ರಸ್ತೆಯ ಕಡೆ ನೋಡಿದಳು, ಅಂಗಡಿಯ ಕಡೆ ನೋಡಿದಳು, ಧ್ವನಿ ತಗ್ಗಿಸಿದಳು. "ನನ್ನ ಕೆರೆ ಕೆಳಗಿನ ತೋಟ ನೋಡಿದ್ಯಾ?"

"ಇಲ್ಲ."

"ಪೂರ್ತಿ ಬೂದಿ. ಎಲೆ ಮಗುಚಿದ್ರೆ ಹೊಟ್ಟೆ ಉರಿಯುತ್ತೆ."

"ಅದಕ್ಕೇನಕ್ಕ, ಒಂದು ಮಾತು ಹೇಳಿದ್ರೆ ನಾನೇ ಬಂದು ಹೊಡ್ಕೊಡ್ತೀನಿ."

"ಹೇಳ್ತೀನಾ ನಾನು? ಹದಿನಾಲ್ಕು ದಿನ ಊರ ಮುಂದೆ ನಿನ್ನ ಬೈದು, ಈಗ ನಿನ್ನ ಮನೆ ಬಾಗಿಲಿಗೆ ಬಂದು ಕೇಳ್ತೀನಾ?" ಅವಳು ಹೊರೆಯ ಗಂಟನ್ನು ಇನ್ನಷ್ಟು ಬಿಗಿದು, ಅವನ ತಲೆಗೆ ಎತ್ತಿ ಕೂರಿಸಿದಳು. "ಒಂದು ಹೊರೆ ಬಾಕಿ ಇರ್ಲಿ. ಬಾಕಿದಾರನ್ನ ಯಾವಾಗ ಬೇಕಾದ್ರೂ ಕೂಗಿ ಕರೀಬಹುದು. ಹುಳ ಗೂಡು ಕಟ್ಟೋಕೆ ಹತ್ತಿದ ಮೇಲೆ ಕರೀತೀನಿ, ಮೋಟಾರು ತಗೊಂಡು ಬಾ. ಆ ಬಾಷಾ ಹತ್ರ ಇರೋ ಬಾಟ್ಲೀನೇ ತಾ."

"ಅಕ್ಕ, ನಾನು ಸಾಲ ತೀರಿಸ್ದೆ ಅಂತ ಊರಿಗೆ ಗೊತ್ತಾಗಬೇಕು."

"ಮೂವತ್ತೊಂಬತ್ತು ತೀರಿಸ್ದೆ ಅಂತ ನಾನೇ ಹೇಳ್ತೀನಿ. ಹೋಗು, ಬಿಸಿಲಾಯ್ತು."

ವೆಂಕಟರಾಯಪ್ಪ ನಲವತ್ತನೆಯ ಹೊರೆ ಹೊತ್ತುಕೊಂಡೇ ರಸ್ತೆ ದಾಟಿದ. ಅಂಗಡಿಯಿಂದ ಗಂಗುಲಪ್ಪ ಕೂಗಿದ. "ಏನಪ್ಪ, ವಾಪಸ್ ಬಂತಾ? ತೀರಲಿಲ್ವಾ?"

"ತೀರಿಸೋಕೆ ಹೋದೆ," ಎಂದ ವೆಂಕಟರಾಯಪ್ಪ, ಹೊರೆ ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು. "ಅಕ್ಕ ಬ್ಯಾಡ ಅಂದ್ಳು."